ಪಡೀಲಿಗೆ ನಲ್ವತ್ತೊಂದು ಮರ

ಕಂಕನಾಡಿಯ ಟಿವಿ ಸ್ಟೇಷನ್ ಇದ್ದದ್ದು ಮಹಾಬಲ ಶೆಟ್ಟರ ಹೋಟೆಲಿನ ಮಹಡಿಯಲ್ಲಿ, ಏಳನೇ ನಂಬ್ರದ ಕೋಣೆಯಲ್ಲಿ. ಒಂದರಿಂದ ಆರರವರೆಗಿನ ಕೋಣೆಗಳಲ್ಲಿ ಆಸ್ಪತ್ರೆಗೆ ಸೇರಿದವರ ಕಡೆಯವರು ಉಳಿದುಕೊಳ್ಳುತ್ತಿದ್ದರು. ಏಳರಲ್ಲಿ ಒಂದು ವೀಡಿಯೊ ಡೆಕ್ಕು, ಒಂದು ಕ್ಯಾಮರಾ, ಶೆಟ್ಟರ ಹೆಂಡತಿಯ ಮನೆಯ ಕಿಟಕಿಯಿಂದ ಕಳಚಿ ತಂದ ನೀಲಿ ಪರದೆ, ಅದರ ಮುಂದೆ ಒಂದು ಕುರ್ಚಿ. ನಾಲ್ಕು ವರ್ಷಗಳಲ್ಲಿ ಈ ಕೋಣೆಯ ಸಾಮಾನಿಗೆ ಮೂವರು ಒಡೆಯರಾದರು. ಆ ಕುರ್ಚಿಯಲ್ಲಿ ಮೊದಲು ಕೂತವಳ ಹೆಸರು ಮಾತ್ರ ಯಾವ ಕಾಗದದಲ್ಲಿಯೂ ಬರಲಿಲ್ಲ. ಮೊದಲನೆಯ ಕಾಗದ ಬರೆದವನು ನಾನು.

ಎಪ್ಪತ್ತರ ದಶಕದಲ್ಲಿ ಶೆಟ್ಟರ ಹೋಟೆಲಿಗೆ ಜನ ಬರುತ್ತಿದ್ದದ್ದು ಗೋಳಿಬಜೆಗೆ ಎಷ್ಟೋ ರೇಡಿಯೋಕ್ಕೂ ಅಷ್ಟೇ. ಕ್ರಿಕೆಟ್ಟು ಇದ್ದ ದಿನ ಒಂದು ಚಾಕ್ಕೆ ಇಡೀ ಮಧ್ಯಾಹ್ನ ಕೂತವರನ್ನು ಶೆಟ್ಟರು ಏಳಿಸುತ್ತಿರಲಿಲ್ಲ. ಎಂಬತ್ತೆರಡರಲ್ಲಿ ದುಬೈಯಿಂದ ಯಾರೋ ತಂದುಕೊಟ್ಟ ವೀಡಿಯೊ ಡೆಕ್ಕನ್ನು ಹೋಟೆಲಿನಲ್ಲಿಟ್ಟಾಗ ಕೂತವರು ಏಳುವ ಪ್ರಶ್ನೆಯೇ ಇಲ್ಲದಾಯಿತು. ಜನ ಇಲ್ಲಿಗೆ ಬರುವ ಬದಲು ಸಿನಿಮಾವನ್ನೇ ವಯರಿನಲ್ಲಿ ಜನರ ಮನೆಗೆ ಕಳಿಸಿದರೆ ಊಟದ ಮೇಜು ಖಾಲಿಯಾಗುತ್ತದಲ್ಲ ಎಂದು ಯೋಚಿಸಿದವಳು ಅವರ ಮಗಳು ಕುಶಲಾ. ಎಂಬತ್ತೈದರಲ್ಲಿ ಸ್ಟೇಷನ್ ಹುಟ್ಟಿದ್ದು ಹೀಗೆ, ಮೇಜು ಖಾಲಿ ಮಾಡಿಸಲಿಕ್ಕೆ. ಶೆಟ್ಟರು ಅದಕ್ಕೆ ‘ಕುಶಲಾ ವಿಷನ್’ ಎಂದು ಹೆಸರಿಟ್ಟರು. ನಮ್ಮ ಊರಿನಲ್ಲಿ ಬಸ್ಸಿಗೂ ಬೋಟಿಗೂ ಹೆಣ್ಣುಮಕ್ಕಳ ಹೆಸರು ಇಡುತ್ತಾರೆ. ಹೆಸರು ಇಟ್ಟ ಮೇಲೆ ಕೊಡುವುದು ಕೊಟ್ಟಾಯಿತು ಎಂಬ ಸಮಾಧಾನ ಇರುತ್ತದೆ.

ಕುಶಲಾಗೆ ಆಗ ಇಪ್ಪತ್ತಾರು. ಬಿ.ಎ. ಮಾಡಿದ್ದಳು, ಬೆಸುಗೆ ಹಾಕುವುದನ್ನು ತಾನೇ ಕಲಿತಿದ್ದಳು. ಸಂಜೆ ಏಳಕ್ಕೆ ಸರಿಯಾಗಿ ನೀಲಿ ಪರದೆಯ ಮುಂದೆ ಕೂತು ಹದಿನೈದು ನಿಮಿಷ ಊರಿನ ಸುದ್ದಿ ಓದುತ್ತಿದ್ದಳು: ನಳ್ಳಿಯಲ್ಲಿ ನೀರು ಯಾವಾಗ, ಬಂಗುಡೆಗೆ ರೇಟು ಎಷ್ಟು, ಯಾರ ಕರು ಕಾಣೆಯಾಗಿದೆ, ಆಸ್ಪತ್ರೆಯಲ್ಲಿ ಯಾರಿಗೆ ರಕ್ತ ಬೇಕು. ಆಮೇಲೆ ಸಿನಿಮಾ. ಸರಕಾರದ ಟಿವಿ ಬಂದು ಸ್ವಲ್ಪ ಸಮಯವಾಗಿತ್ತು. ಅದರಲ್ಲಿ ದಿಲ್ಲಿಯ ಹವಾಮಾನ ಗೊತ್ತಾಗುತ್ತಿತ್ತು, ನಾಗುರಿಯ ಕರು ಗೊತ್ತಾಗುತ್ತಿರಲಿಲ್ಲ. ಸುದ್ದಿಯನ್ನು ಬರೆದುಕೊಡುತ್ತಿದ್ದವನು ನಾನು, ಹತ್ತಿರದ ಹೈಸ್ಕೂಲಿನ ಕನ್ನಡ ಮಾಸ್ತರ. ಸಂಬಳವಾಗಿ ಮಸಾಲೆ ದೋಸೆ.

ಕೆಳಗೆ ಅಡಿಗೆಮನೆಯಲ್ಲಿ ಹಿಟ್ಟು ಕಡೆಯುವ ಗ್ರೈಂಡರ್ ಹಾಕಿದರೆ ಮೇಲೆ ಚಿತ್ರದಲ್ಲಿ ಮೂರು ಗೆರೆ ಬಂದು ಕುಶಲಾಳ ಮೂಗು ಕಿವಿಯ ಹತ್ತಿರ ಹೋಗುತ್ತಿತ್ತು. ಏಳೂಕಾಲರ ತನಕ ಉದ್ದು ಕಡೆಯಬಾರದೆಂದು ಅವಳು ಕಾನೂನು ಮಾಡಿದಳು. ದೇಶದ ಕಾನೂನನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ಅಡಿಗೆಭಟ್ಟರು ಇದನ್ನು ಪಾಲಿಸಿದರು.

ಆದರೆ ಸ್ಟೇಷನ್ ನಿಂತಿದ್ದದ್ದು ಆ ಕೋಣೆಯ ಮೇಲಲ್ಲ, ತೆಂಗಿನ ಮರಗಳ ಮೇಲೆ. ಕಂಬ ನೆಡುವುದಕ್ಕೆ ನಮಗೆ ಅನುಮತಿ ಇರಲಿಲ್ಲ. ವಯರನ್ನು ಮರದಿಂದ ಮರಕ್ಕೆ ಕಟ್ಟಬೇಕು, ಪ್ರತಿ ಮರಕ್ಕೂ ಒಬ್ಬ ಯಜಮಾನ. ಯಾರ ಮರದಲ್ಲಿ ವಯರು ಹೋಗುತ್ತದೋ ಅವರ ಮನೆಗೆ ಟಿವಿ ಕನೆಕ್ಷನ್ ಪುಕ್ಕಟೆ ಎಂಬುದು ಕುಶಲಾ ಹಾಕಿದ ಕ್ರಮ. ಕಟ್ಟುವವನು ಮುದ್ದು. ಐವತ್ತು ದಾಟಿದ್ದ ಅವನು ಕಾಯಿ ಕೊಯ್ಯಲಿಕ್ಕೆ ಮರ ಹತ್ತುವವನು. ವಯರಿಗೆಂದೇ ಬೇರೆ ಹತ್ತುವುದು ದಂಡವೆಂದು ಕಾಯಿ ಕೊಯ್ಯಲು ಹತ್ತಿದಾಗಲೇ ವಯರನ್ನೂ ಕಟ್ಟಿ ಇಳಿಯುತ್ತಿದ್ದ. ಹೀಗೆ ನಮ್ಮ ಸ್ಟೇಷನ್ ತೆಂಗಿನಕಾಯಿ ಬಲಿಯುವ ವೇಗದಲ್ಲಿ ಮೂಡು ದಿಕ್ಕಿಗೆ ಬೆಳೆಯಿತು.

ಮೂಡಿಗೇ ಯಾಕೆ ಎಂದರೆ ಆ ದಿಕ್ಕಿನಲ್ಲಿ ಪಡೀಲು. ಅಲ್ಲಿ ಕುಶಲಾಳ ತಾಯಿ ರತ್ನಾವತಿಯವರ ಮನೆ, ಅವರ ತಾಯಿಯಿಂದ ಬಂದದ್ದು. ಗಂಟುನೋವಿನಿಂದ ಅವರು ಎಲ್ಲಿಗೂ ಹೋಗುತ್ತಿರಲಿಲ್ಲ. ಮಗಳು ಟಿವಿಯಲ್ಲಿ ಓದುವುದನ್ನು ಕಂಕನಾಡಿಯ ಮೀನಿನವರೆಲ್ಲ ನೋಡಿದ್ದರು, ತಾಯಿ ನೋಡಿರಲಿಲ್ಲ. ಮನೆಯಲ್ಲಿ ಟಿವಿ ಇತ್ತು, ಅದರ ಮೇಲೆ ಹೊದಿಕೆಯೂ ಇತ್ತು. ಕುಶಲಾ ಓದುತ್ತಿದ್ದದ್ದು ಆ ಹೊದಿಕೆ ತೆಗೆಸಲಿಕ್ಕೆ ಎಂದು ನನಗೆ ಒಮ್ಮೊಮ್ಮೆ ಅನಿಸುತ್ತಿತ್ತು.

ಎಂಬತ್ತೇಳರ ಜನವರಿಗೆ ವಯರು ನಾಗುರಿ ದಾಟಿತ್ತು. ಉಳಿದದ್ದು ನಲ್ವತ್ತೊಂದು ಮರ. ನಲ್ವತ್ತೊಂದೂ ಮರದವರ ಮನೆಗೆ ಕುಶಲಾ ಹೋಗಿ ಬಂದಿದ್ದಳು. ಒಂದು ಪುಸ್ತಕದಲ್ಲಿ ಹೆಸರು, ಯಾವ ಮರ, ಕಾಯಿ ಯಾವಾಗ ಬಲಿಯುತ್ತದೆ ಎಂದು ಬರೆದಿಟ್ಟಿದ್ದಳು. ನೆಲ್ಲಿ ಬಾಯಮ್ಮ ಎಂಬವರು ಮಾತ್ರ, ಯೇಸುವಿನ ಪಟದ ಎದುರು ಸಿನಿಮಾ ಬೇಡ ಎಂದು ಮೂರು ಸಲ ವಾಪಸು ಕಳಿಸಿದ್ದರು. ನಾಲ್ಕನೇ ಸಲ ಕುಶಲಾ ಟಿವಿಯನ್ನೇ ಪಟದ ಕೆಳಗಿಡಿಸಿದಳು, ಆಗ ಅವನಿಗೆ ಕಾಣಿಸುವುದಿಲ್ಲವಲ್ಲ. ರೈಲುಹಳಿಯ ಮೇಲೆ ವಯರು ದಾಟಿಸಲು ಕಾಗದವೂ ಬಂತು. ಇನ್ನು ಮುದ್ದು ಹತ್ತುವುದೊಂದೇ ಬಾಕಿ.

ಆ ವಾರವೇ ಶೆಟ್ಟರಿಗೆ ಎದೆನೋವು ಬಂತು.

ಆಸ್ಪತ್ರೆ ಹೋಟೆಲಿನ ಎದುರಿಗೇ. ನಾಲ್ಕನೇ ದಿನ ಅವರು ನನಗೆ ಹೇಳಿಕಳಿಸಿದರು. ಡಾಕ್ಟರರು ವಿಶ್ರಾಂತಿ ಹೇಳಿದ್ದಾರೆ, ಕಾಗದಪತ್ರ ಸರಿ ಮಾಡಿಡಬೇಕು, ವಕೀಲರ ಕನ್ನಡ ತಮಗೇ ಅರ್ಥವಾಗುವುದಿಲ್ಲ, ಆದ್ದರಿಂದ ಮೊದಲು ನಾನು ಬರೆದುಕೊಡಬೇಕು ಎಂದರು. ಹೊಗಳಿಸಿಕೊಂಡವನು ಪೆನ್ನು ತೆಗೆದೆ.

“ಬರೆಯಿರಿ ಮಾಷ್ಟ್ರೇ. ಹೋಟೆಲು ನಾನಿರುವಷ್ಟು ದಿನ ನನ್ನದು. ಮೇಲಿನ ಟಿವಿ ಚಿತ್ತರಂಜನನಿಗೆ. ನನ್ನ ತಂಗಿಯ ಮಗ, ಬೊಂಬಾಯಲ್ಲಿರೂದು. ಹೆಸರು ಪೂರಾ ಬರೆಯಿರಿ.”

ನಾನು ಕಾಗದದಿಂದ ಪೆನ್ನು ಎತ್ತಿದೆ. ಅಷ್ಟನ್ನೇ ಪ್ರಶ್ನೆ ಎಂದು ತಿಳಿದು ಅವರು ಉತ್ತರ ಕೊಟ್ಟರು.

“ಕುಶಲಾಗೆ ಪಡೀಲಿನ ಮನೆ ಉಂಟಲ್ಲ, ತಾಯಿ ಕಡೆಯದ್ದು. ಅವಳಿಗೆ ಎಂತ ಕಮ್ಮಿ?”

ಶೆಟ್ಟರದ್ದು ಅಳಿಯಕಟ್ಟಿನ ಮನೆತನ. ಅವರಲ್ಲಿ ಗಂಡಸಿನದ್ದು ಅವನ ಮಕ್ಕಳಿಗಲ್ಲ, ಅಕ್ಕತಂಗಿಯರ ಮಕ್ಕಳಿಗೆ. ಮಕ್ಕಳಿಗೆ ತಾಯಿಯ ಕಡೆಯಿಂದ. ಕಾನೂನು ಬದಲಾಗಿ ಮೂವತ್ತು ವರ್ಷ ಆಗಿತ್ತು. ಸ್ವಂತ ದುಡಿದದ್ದನ್ನು ಯಾರಿಗೆ ಬೇಕಾದರೂ ಕೊಡಬಹುದು ಎಂಬುದು ಶೆಟ್ಟರಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಆದರೆ ಎದೆನೋವು ಬಂದ ಮನುಷ್ಯ ಕಾನೂನಿನ ಹತ್ತಿರ ಹೋಗುವುದಿಲ್ಲ, ಮಾವಂದಿರು ಮಾಡಿದ್ದರ ಹತ್ತಿರ ಹೋಗುತ್ತಾನೆ. ವೀಡಿಯೊ ಡೆಕ್ಕನ್ನೂ ಗದ್ದೆಯನ್ನೂ ಅವರು ಒಂದೇ ಸಾಲಿನಲ್ಲಿ ಇಟ್ಟರು. ಚಿತ್ತರಂಜನನಿಗೆ ಬೊಂಬಾಯಿಯಲ್ಲಿ ಹೆಂಡತಿ ಇದ್ದದ್ದರಿಂದ, ಸೋದರಳಿಯನಿಗೆ ಮಗಳನ್ನು ಕೊಟ್ಟು ಎರಡನ್ನೂ ಒಂದೇ ಮನೆಯಲ್ಲಿ ಉಳಿಸುವ ಹಳೆಯ ಉಪಾಯಕ್ಕೂ ದಾರಿಯಿರಲಿಲ್ಲ.

ಶೆಟ್ಟರೇ, ಗದ್ದೆ ತನ್ನಷ್ಟಕ್ಕೆ ಇರುತ್ತದೆ, ಇದು ಅವಳು ಇದ್ದರೆ ಮಾತ್ರ ಇರುತ್ತದೆ ಎಂದು ಹೇಳಲು ಅರ್ಧ ನಿಮಿಷ ಸಾಕಿತ್ತು. ಮನೆಯವರ ವಿಷಯದಲ್ಲಿ ಹೊರಗಿನವನು ಬಾಯಿ ಹಾಕಬಾರದೆಂಬ ಮರ್ಯಾದೆ ನನಗಿತ್ತು. ಆ ಮರ್ಯಾದೆಯನ್ನು ಕಾಪಾಡಿಕೊಂಡು ನಾನು ಬೇರೆ ಸಲಹೆ ಕೊಟ್ಟೆ. ‘ಉಚಿತವಾಗಿ ಕೊಟ್ಟಿರುತ್ತೇನೆ’ ಎನ್ನುವುದಕ್ಕಿಂತ ‘ಪ್ರೀತಿಪೂರ್ವಕ ಕೊಟ್ಟಿರುತ್ತೇನೆ’ ಎಂದರೆ ಚೆನ್ನಾಗಿರುತ್ತದೆ ಎಂದೆ. ಶೆಟ್ಟರಿಗೆ ಅದು ತುಂಬ ಹಿಡಿಸಿತು.

ಅಷ್ಟು ಹೊತ್ತಿಗೆ ಕುಶಲಾ ಗಂಜಿ ತಂದಳು. ನನ್ನ ತೊಡೆಯ ಮೇಲೆ ಕಾಗದ ಬಿಡಿಸಿಯೇ ಇತ್ತು. ಎರಡು ವರ್ಷದಿಂದ ದಿನಾ ಸಂಜೆ ನನ್ನ ಅಕ್ಷರ ಓದಿದವಳು; ಬೇರೆಯವರಾಗಿದ್ದರೆ ಹತ್ತಿರ ಬಂದು ನೋಡಬೇಕಿತ್ತು, ಅವಳು ಬಾಗಿಲಿನಿಂದ ಮಂಚಕ್ಕೆ ಬರುವಷ್ಟರಲ್ಲಿ ಮುಗಿಸಿದಳು. ಗಂಜಿಯ ಪಾತ್ರೆ ಇಟ್ಟು, ತಂದೆಗೆ ಚಮಚ ಕೊಟ್ಟು, ನನ್ನ ಕಡೆ ತಿರುಗಿ ಬಹಳ ಮೆಲ್ಲಗೆ ಕೇಳಿದಳು.

“ಸರ್, ಇದು ಇವತ್ತು ಓದ್ಲಿಕ್ಕೆ ಉಂಟಾ?”

ಇಲ್ಲ ಎಂದೆ. ಹಾಗಾದರೆ ಇವತ್ತಿನದ್ದು ಕೊಡಿ, ಆರೂವರೆ ಆಯಿತು ಎಂದಳು. ಕೊಟ್ಟೆ. ಏಳಕ್ಕೆ ಓದಿದಳು: ಗುರುವಾರ ಕರೆಂಟು ಇಲ್ಲ, ಕಪ್ಪು ಕರು ಸಿಕ್ಕಿದೆ, ಕಟ್ಟಿಹಾಕಿದ್ದಾರೆ, ಬಂದು ಬಿಡಿಸಿಕೊಳ್ಳಬೇಕು. ಎಲ್ಲಿಯೂ ತಡೆಯಲಿಲ್ಲ.

ಚಿತ್ತರಂಜನ ಕೆಟ್ಟವನಲ್ಲ, ಬೊಂಬಾಯಿಯವನು. ಅಲ್ಲಿ ಒಂದು ಹೋಟೆಲಿನಲ್ಲಿ ಮ್ಯಾನೇಜರಾಗಿದ್ದವನು ಇಲ್ಲಿಗೆ ಬಂದು ಸ್ಟೇಷನ್ನಿಗೆ ‘ಸಿ. ಆರ್. ವಿಷನ್’ ಎಂದು ಹೆಸರಿಟ್ಟ, ನೀಲಿ ಪರದೆ ತೆಗೆಸಿ ಗೋಡೆಗೆ ಸೂರ್ಯಾಸ್ತದ ಚಿತ್ರ ಅಂಟಿಸಿದ. ದಿನಕ್ಕೆ ಮೂರು ಹಿಂದಿ ಸಿನಿಮಾ. ಸುದ್ದಿ ಐದು ನಿಮಿಷಕ್ಕೆ ಇಳಿಯಿತು, ಆಮೇಲೆ ಅದೂ ಹೋಯಿತು. ಕಾಣೆಯಾದ ಕರುವನ್ನು ಅದರ ಯಜಮಾನ ಹುಡುಕಿಕೊಳ್ಳಲಿ, ಎಲ್ಲರೂ ಯಾಕೆ ಹುಡುಕಬೇಕು ಎಂದು ಕೇಳಿದ. ಪಡೀಲಿನ ವಯರಿನ ವಿಷಯ ಎತ್ತಿದಾಗ, ರೈಲ್ವೆಯವರ ಉಸಾಬರಿ ಯಾರಿಗೆ ಬೇಕು, ಇರುವ ಕಡೆಯೇ ಸಾಕು ಎಂದ. ಅವನ ಅಮ್ಮ ಪಡೀಲಿನಲ್ಲಿರಲಿಲ್ಲ.

ಕುಶಲಾ ಅವನ ಹತ್ತಿರ ಜಗಳವಾಡಲಿಲ್ಲ. ಪುಸ್ತಕ ತೋರಿಸಿ, ಇಷ್ಟು ಜನಕ್ಕೆ ಮಾತು ಕೊಟ್ಟಿದೆ ಭಾವ, ಪುಕ್ಕಟೆ ಕನೆಕ್ಷನ್ ಮಾತ್ರ ನಿಲ್ಲಿಸಬೇಡ ಎಂದು ಹೇಳಿದಳು. ಅವನು ಪುಸ್ತಕವನ್ನು ಮಗುಚಿ ನೋಡಿ ನನ್ನನ್ನು ಕೇಳಿದ.

“ಮರ ಪಿಕ್ಚರ್ ನೋಡ್ತದಾ ಮಾಷ್ಟ್ರೇ?”

ತಮಾಷೆ ಚೆನ್ನಾಗಿತ್ತು. ನಾನು ನಕ್ಕೆ, ಅದೂ ನನ್ನ ಲೆಕ್ಕದಲ್ಲೇ ಇರಲಿ. ಕುಶಲಾ ಪುಸ್ತಕ ವಾಪಸು ತೆಗೆದುಕೊಂಡಳು. ಮರುವಾರ ಬೈಕಂಪಾಡಿಯ ಒಂದು ಫ್ಯಾಕ್ಟರಿಯ ಆಫೀಸಿನಲ್ಲಿ ಟೈಪಿಂಗ್ ಕೆಲಸಕ್ಕೆ ಸೇರಿದಳು. ಪಡೀಲಿನಿಂದ ಎರಡು ಬಸ್ಸು, ಹೋಗಿ ಬರುವಾಗ ಕಂಕನಾಡಿಯ ಮೇಲೆಯೇ. ಹೋಟೆಲಿನ ಎದುರು ಬಸ್ಸು ನಿಂತಾಗ ಮಹಡಿಯ ಕಡೆ ನೋಡುತ್ತಿದ್ದಳೋ ಇಲ್ಲವೋ ನನಗೆ ಗೊತ್ತಿಲ್ಲ. ಆ ಹೊತ್ತಿಗೆ ನಾನು ಬೇಕೆಂದೇ ಒಳಗಿನ ಮೇಜಿನಲ್ಲಿ ಕೂರುತ್ತಿದ್ದೆ.

ಮರ ಪಿಕ್ಚರ್ ನೋಡುವುದಿಲ್ಲ, ಆದರೆ ಮರಕ್ಕೆ ಯಜಮಾನಿ ಇರುತ್ತಾಳೆ. ಪುಕ್ಕಟೆ ಕನೆಕ್ಷನ್ ನಿಂತ ತಿಂಗಳು, ನಾಗುರಿಯ ಒಬ್ಬಾಕೆ ಕಾಯಿ ಕೊಯ್ಯಲು ಬಂದ ಮುದ್ದುವಿಗೆ, ಕಾಯಿಯ ಜೊತೆ ಆ ಹಗ್ಗವನ್ನೂ ಇಳಿಸು ಎಂದಳು. ಇಳಿಸಿದ. ಆಚೆಗಿನ ಎಪ್ಪತ್ತು ಮನೆಗಳ ಟಿವಿ ಒಟ್ಟಿಗೇ ಕುರುಡಾಯಿತು. ಸುದ್ದಿ ಹಬ್ಬಿತು. ಟಿವಿಯಲ್ಲಿ ಅಲ್ಲ, ಟಿವಿಯಲ್ಲಿ ಸುದ್ದಿ ನಿಂತಿತ್ತಲ್ಲ. ಕಾಯಿ ಬಲಿತ ಹಾಗೆಲ್ಲ ಮರದಿಂದ ವಯರು ಇಳಿಯಿತು. ಬೆಳೆದ ವೇಗದಲ್ಲೇ ಸ್ಟೇಷನ್ ಹಿಂದಕ್ಕೆ ಬಂತು. ಚಿತ್ತರಂಜನ ಮುದ್ದುವನ್ನು ಗದರಿಸಿದ. ನಾನು ಮರದವರ ಜನ ಧಣಿ, ನಿಮ್ಮ ಜನ ಅಲ್ಲ ಎಂದು ಮುದ್ದು ತಲೆಗೆ ಮುಂಡಾಸು ಸುತ್ತಿಕೊಂಡನಂತೆ. ಎಂಬತ್ತೆಂಟರ ಮಳೆಗಾಲ ಮುಗಿಯುವಾಗ ಚಿತ್ತರಂಜನ ಸ್ಟೇಷನ್ನನ್ನು ಯಾದವ ಪುತ್ರನ್ ಎಂಬವರಿಗೆ ಮಾರಿ ಬೊಂಬಾಯಿಗೆ ಹಿಂತಿರುಗಿದ. ಯಾದವಣ್ಣ ಮೀನಿನ ಬೋಟು ಬಂದು ನಿಲ್ಲುವ ದಕ್ಕೆಯಲ್ಲಿ ಮೂರು ಬೋಟು ಇದ್ದ ಮೀನಿನ ವ್ಯಾಪಾರಿ.

ಮಾವನಿಗೆ ಅವನು ಹೇಳಿದ್ದು ಮಾರಿದ ಮೇಲೆ. ಶೆಟ್ಟರು ಮರುದಿನ ಬೆಳಿಗ್ಗೆಯೇ ನನ್ನನ್ನು ರಿಕ್ಷಾಕ್ಕೆ ಹತ್ತಿಸಿಕೊಂಡು ಬೋಳಾರದಲ್ಲಿದ್ದ ಯಾದವಣ್ಣನ ಮನೆಗೆ ಹೊರಟರು. ಕೊಟ್ಟದ್ದಕ್ಕಿಂತ ಹೆಚ್ಚು ಕೊಟ್ಟು ವಾಪಸು ತೆಗೆದುಕೊಳ್ಳುತ್ತೇನೆ, ಈ ಸಲ ಕುಶಲಾಳ ಹೆಸರಿಗೇ ಮಾಡುತ್ತೇನೆ ಎಂದು ದಾರಿಯುದ್ದಕ್ಕೂ ಹೇಳಿದರು. ಎದೆಯ ಮೇಲೆ ಕೈ ಇಟ್ಟುಕೊಂಡೇ ಇದ್ದರು.

ಯಾದವಣ್ಣ ಚಾ ಕೊಟ್ಟರು, ಬೇಸರದಿಂದಲೇ ತಲೆ ಅಲ್ಲಾಡಿಸಿದರು. ಕಾಗದವಾಗಿತ್ತು, ಅದೂ ಮಗಳು ಮೋಹಿನಿಯ ಹೆಸರಿಗೆ. ಕಾಲೇಜು ಮುಗಿಸಿದ್ದಾಳೆ, ಅವಳಿಗೆ ಅದರಲ್ಲಿ ಆಸೆ, ಅವಳ ಹೆಸರಿಗೆ ಮಾಡಿದ್ದನ್ನು ತಿರುಗಿ ಕೇಳುವುದು ಹೇಗೆ ಎಂದರು. ಶೆಟ್ಟರಿಗೆ ಅರ್ಥವಾಗಲಿಲ್ಲ.

“ಮಗಳ ಹೆಸರಿಗಾ? ನಿಮ್ಮಲ್ಲೂ ಅಳಿಯಕಟ್ಟು ಅಲ್ವಾ ಯಾದವಣ್ಣ?”

“ಹೌದು, ಜಾಗಕ್ಕೆ, ಮನೆಗೆ. ವಯರಿಗೆ ಎಂತ ಅಳಿಯಕಟ್ಟು ಶೆಟ್ರೇ? ಬೋಟನ್ನು ಯಾರು ನಡೆಸ್ತಾರೋ ಅವರ ಕೈಗೆ ಕೊಡೂದು. ಇಲ್ಲದಿದ್ರೆ ಮುಳುಗ್ತದೆ.” ಆಮೇಲೆ, ನೋಯಿಸುವ ಉದ್ದೇಶವಿಲ್ಲದೆ, ಇನ್ನೊಂದು ಮಾತು ಸೇರಿಸಿದರು. “ನಿಮ್ಮ ಮಗಳಿದ್ದಳಲ್ಲ ಓದ್ತಾ ಇದ್ದದ್ದು, ಅದು ಅವಳದ್ದೇ ಅಂತ ನಾವೆಲ್ಲ ತಿಳಿದದ್ದು.”

ಶೆಟ್ಟರು ಚಾ ಮುಗಿಸಿದರು. ಅರ್ಧ ಬಿಟ್ಟು ಏಳುವುದು ಅವರ ಹೋಟೆಲಿನವರ ಸಂಸ್ಕಾರದಲ್ಲಿರಲಿಲ್ಲ. ರಿಕ್ಷಾ ಕಂಕನಾಡಿಯ ಹತ್ತಿರ ಬಂದಾಗ ನನ್ನ ಕಡೆ ತಿರುಗಿದರು.

“ಅವತ್ತು ನೀವು ಒಂದು ಮಾತು ಹೇಳ್ಬಹುದಿತ್ತು ಮಾಷ್ಟ್ರೇ.”

“ನೀವು ಕೇಳ್ಲಿಲ್ಲ ಶೆಟ್ರೇ.”

“ಕೇಳದೆಯೇ ‘ಪ್ರೀತಿಪೂರ್ವಕ’ ಹೇಳಿದ್ರಲ್ಲ.”

ರಿಕ್ಷಾದ ಬಾಡಿಗೆ ನಾನೇ ಕೊಟ್ಟೆ.

ಯಾದವಣ್ಣ ಬುದ್ಧಿವಂತರು. ಸ್ಟೇಷನ್ ಏಳನೇ ಕೋಣೆಯಲ್ಲೇ ಉಳಿಯಿತು, ಶೆಟ್ಟರಿಗೆ ಬಾಡಿಗೆ. ನನ್ನನ್ನು ಕರೆಸಿ ಸುದ್ದಿ ಬರೆಯಲು ಹೇಳಿದರು, ಕುಶಲಾಳನ್ನು ಕೆಲಸಕ್ಕೆ ಕರೆದರು. ತನ್ನದಾಗಬಹುದಿದ್ದ ಜಾಗದಲ್ಲಿ ಸಂಬಳಕ್ಕೆ ಕೂರಲಾರೆ ಎಂದು ಅವಳು ಹೇಳಲಿಲ್ಲ. ಫ್ಯಾಕ್ಟರಿಯಲ್ಲಿ ರಜೆ ಕಷ್ಟ ಎಂದಳು. ಆದರೆ ಒಂದು ಸಂಜೆ ಬೈಕಂಪಾಡಿಯಿಂದ ಬರುವಾಗ ಕಂಕನಾಡಿಯಲ್ಲಿ ಇಳಿದು ಮಹಡಿ ಹತ್ತಿದಳು. ಕೈಯಲ್ಲಿ ಮರದ ಪುಸ್ತಕ. ವಯರನ್ನು ಪಡೀಲಿಗೆ ಮುಟ್ಟಿಸುವುದಾದರೆ, ಮರದವರಿಗೆ ಪುಕ್ಕಟೆ ಕೊಡುವುದಾದರೆ ಇದನ್ನು ಇಟ್ಟುಕೊಳ್ಳಬಹುದು ಎಂದು ಮೋಹಿನಿಗೆ ಹೇಳಿದಳು. ಅದನ್ನೇಕೆ ಕೊಡುತ್ತಿ ಎಂದು ನಾನು ಆಮೇಲೆ ಮೆಟ್ಟಲಿನಲ್ಲಿ ಕೇಳಿದೆ.

“ಮರದವರಿಗೆ ಮಾತು ಕೊಟ್ಟದ್ದು ನಾನಲ್ವಾ ಸರ್, ಸ್ಟೇಷನ್ ಅಲ್ಲ.”

ಎಂಟು ಸಂಜೆ ಬಂದು ಮೋಹಿನಿಗೆ ಓದಲು ಕಲಿಸಿದಳು. ಕಾಗದ ನೋಡಿ ಓದಬೇಡ, ಪಡೀಲಿನಲ್ಲಿ ನಿನ್ನ ಅಮ್ಮ ಕೂತಿದ್ದಾರೆ ಎಂದು ತಿಳಿದುಕೊಂಡು ಹೇಳು ಎಂದಳು. ನನ್ನ ಅಮ್ಮ ಇರುವುದು ಬೋಳಾರದಲ್ಲಲ್ವಾ ಅಕ್ಕ ಎಂದು ಆ ಮುಗ್ಧ ಹುಡುಗಿ ಕೇಳಿತು.

“ಹಾಗಾದ್ರೆ ನನ್ನ ಅಮ್ಮ ಅಂತ ತಿಳ್ಕೊ.”

ಮುದ್ದು ಮತ್ತೆ ಹತ್ತತೊಡಗಿದ. ಕಾಯಿ ಬಲಿಯುವುದಕ್ಕೆ ಕಾಯುವ ತಾಳ್ಮೆ ಯಾದವಣ್ಣನಿಗೆ ಇರಲಿಲ್ಲ, ಬರಿಯ ವಯರಿಗಾಗಿಯೇ ಹತ್ತಿಸಿದರು. ನೆಲ್ಲಿ ಬಾಯಮ್ಮ, ಆ ಹುಡುಗಿ ಬಂದು ಕೇಳಲಿಲ್ಲ ಎಂದು ಒಂದು ದಿನ ತಡೆದರು, ಕುಶಲಾಳ ಪುಸ್ತಕದಲ್ಲಿ ತನ್ನ ಹೆಸರು ನೋಡಿ ಬಿಟ್ಟರು. ಎಂಬತ್ತೊಂಬತ್ತರ ಫೆಬ್ರವರಿಯಲ್ಲಿ ವಯರು ರೈಲುಹಳಿ ದಾಟಿತು. ನಲ್ವತ್ತೊಂದನೇ ಮರ ರತ್ನಾವತಿಯವರ ಅಂಗಳದ್ದೇ.

ಆ ಸಂಜೆ ಶೆಟ್ಟರು ನನ್ನನ್ನು ಪಡೀಲಿಗೆ ಕರೆದುಕೊಂಡು ಹೋದರು. ಆ ದಿನದ ಸುದ್ದಿಯನ್ನು ನಾನು ಮಧ್ಯಾಹ್ನವೇ ಬರೆದುಕೊಟ್ಟಿದ್ದೆ. ರತ್ನಾವತಿಯವರು ಕಾಲು ಚಾಚಿ ಬೆಂಚಿನಲ್ಲಿ ಕೂತಿದ್ದರು. ಶೆಟ್ಟರು ಟಿವಿಯ ಹೊದಿಕೆಯನ್ನು ತಾವೇ ತೆಗೆದು, ನಾಲ್ಕು ಮಡಿಕೆ ಮಾಡಿ, ಎಲ್ಲಿಡಬೇಕೆಂದು ತಿಳಿಯದೆ ಕೈಯಲ್ಲೇ ಹಿಡಿದುಕೊಂಡರು. ಕುಶಲಾ ಇನ್ನೂ ಬಂದಿರಲಿಲ್ಲ. ಬೈಕಂಪಾಡಿಯ ಬಸ್ಸು ಏಳಕ್ಕೆ ಮುಂಚೆ ಪಡೀಲು ಮುಟ್ಟುವುದಿಲ್ಲ.

ಏಳಕ್ಕೆ ನೀಲಿ ಪರದೆ ಕಾಣಿಸಿತು. ಮೋಹಿನಿ ಅದನ್ನು ಹುಡುಕಿಸಿ ತರಿಸಿದ್ದಳು. ಅದು ಈ ಮನೆಯದ್ದೇ ಕಿಟಕಿಯದ್ದೆಂದು ಅವಳಿಗೆ ಯಾರೂ ಹೇಳಿರಲಿಕ್ಕಿಲ್ಲ. ರತ್ನಾವತಿಯವರು ಅದನ್ನು ಗುರುತಿಸಿ ಬರಿದಾದ ಕಿಟಕಿಯ ಕಡೆ ಒಮ್ಮೆ ನೋಡಿದರು. ಮೋಹಿನಿ ನಮಸ್ಕಾರಕ್ಕೆ ಮುಂಚೆ ಒಂದು ಉಸಿರು ನಿಂತಳು, ಕುಶಲಾ ನಿಲ್ಲುತ್ತಿದ್ದ ಹಾಗೆ. ನೆಟ್ಟಗೆ ರತ್ನಾವತಿಯವರನ್ನೇ ನೋಡಿ ಓದಿದಳು. ಚೆನ್ನಾಗಿಯೇ ಓದಿದಳು. ಶೆಟ್ಟರು ಅರ್ಧ ಸುದ್ದಿಯಲ್ಲಿ ನೆಲ ನೋಡತೊಡಗಿದರು.

ಆಗ ಕುಶಲಾ ಬಂದಳು. ಚಪ್ಪಲಿ ಬಿಟ್ಟು, ಬಾಗಿಲಲ್ಲಿ ನಿಂತಳು. ಚಿತ್ರ ಸ್ವಲ್ಪ ಮಸುಕಾಗಿತ್ತು. ಒಳಗೆ ಬಂದು ಗುಂಡಿ ಇಷ್ಟೇ ಇಷ್ಟು ತಿರುಗಿಸಿ ಸರಿ ಮಾಡಿ ಹಿಂದೆ ಸರಿದಳು.

“ಹೀಗಾ ಮಗಾ ನೀನು ಕೂತುಕೊಳ್ತಾ ಇದ್ದದ್ದು?” ರತ್ನಾವತಿಯವರು ಟಿವಿಯಿಂದ ಕಣ್ಣು ತೆಗೆಯದೆ ಕೇಳಿದರು.

ಕುಶಲಾ ಮೋಹಿನಿಯನ್ನು ಕ್ಷಣ ಹೊತ್ತು ನೋಡಿದಳು.

“ನಾನು ಸ್ವಲ್ಪ ನೆಟ್ಟಗೆ ಕೂತುಕೊಳ್ತಿದ್ದೆ ಅಮ್ಮ,” ಎಂದಳು, ಕಾಲು ತೊಳೆಯಲು ಹಿತ್ತಲಿಗೆ ಹೋದಳು.

ಶೆಟ್ಟರು ಹೊದಿಕೆ ಹಿಡಿದುಕೊಂಡೇ ಇದ್ದರು. ಅಷ್ಟರಲ್ಲಿ ಚಿತ್ರದ ಮೇಲೆ ಮೂರು ಗೆರೆ ಹರಿದು ಮೋಹಿನಿಯ ಮೂಗು ಕಿವಿಯ ಹತ್ತಿರ ಹೋಯಿತು. ಗಂಟೆ ಏಳೂ ಹತ್ತು, ಏಳೂಕಾಲು ಆಗಿರಲಿಲ್ಲ. ಕಂಕನಾಡಿಯಲ್ಲಿ ಅಡಿಗೆಭಟ್ಟರು ಉದ್ದು ಕಡೆಯಲು ಹಾಕಿದ್ದರು.